ಚೆಂಡೆ ಕೇಳಿದರೆ ಮದ್ದಳೆ ಕೊಡುವ ರೋಲಿಂಗ್ ಮೆಷಿನ್

ಪ್ರಶ್ನೆ: ಬದಿಯಡ್ಕದ ಹತ್ತಿರ ನಮ್ಮದೊಂದು ಸಣ್ಣ ಫ್ಯಾಬ್ರಿಕೇಶನ್ ಶೆಡ್ ಇದೆ. ಶೀಟ್ ರೋಲಿಂಗ್ ಮೆಷಿನ್ ಒಂದನ್ನು ಸೆಕೆಂಡ್ ಹ್ಯಾಂಡ್ ತಂದಿದ್ದೇನೆ. ಕೆಳಗೆ ಎರಡು ರೋಲು, ಮೇಲೆ ಒಂದು. ಮೂರೂ 100 ಮಿ.ಮೀ. ದಪ್ಪ, 1250 ಮಿ.ಮೀ. ಉದ್ದ. ರೋಲಿನ ಎರಡು ತುದಿಯಲ್ಲಿ, ಬುಶ್ ಎಂಬ ಲೋಹದ ಬಳೆಯೊಳಗೆ ಕೂರುವ ಕೊರಳು 60 ಮಿ.ಮೀ. ಕೆಳಗಿನ ಎರಡು ರೋಲುಗಳ ನಡುವೆ ಸೆಂಟರ್‌ನಿಂದ ಸೆಂಟರ್‌ಗೆ 150 ಮಿ.ಮೀ. 1.6 ಮಿ.ಮೀ. ಶೀಟು ಚೆನ್ನಾಗಿ ಬರುತ್ತದೆ. 3 ಮಿ.ಮೀ. ಶೀಟಿನಲ್ಲಿ ಭತ್ತ ಬೇಯಿಸುವ 2 ಅಡಿ ವ್ಯಾಸದ ಡ್ರಮ್ಮು ಮಾಡಿದರೆ ಎರಡು ಕೊನೆಯಲ್ಲೂ ಅಂಚು ಕೂಡುತ್ತದೆ, ನಡುವೆ ಮಾತ್ರ ಬೆರಳು ತೂರುವಷ್ಟು ಸಂದು. ಮೇಲಿನ ರೋಲಿನ ಬಲಬದಿಯಲ್ಲಿ ಕಟಕಟ ಸದ್ದು ಬೇರೆ. ಒಬ್ಬರು ಬುಶ್ ತೆಗೆದು ಬಾಲ್ ಬೇರಿಂಗ್ ಹಾಕಿ ಅನ್ನುತ್ತಾರೆ. ಇನ್ನೊಬ್ಬರು ಕೆಳಗಿಂದ ಸಪೋರ್ಟ್ ರೋಲರ್ ಕೊಡಿ ಅನ್ನುತ್ತಾರೆ. ಯಾವುದು ಸರಿ?

ಉತ್ತರ: ನಿಮ್ಮ ಮೆಷಿನ್‌ಗೆ ಎರಡು ಬೇರೆ ಬೇರೆ ಕಾಯಿಲೆ ಇವೆ. ಸದ್ದು ರೋಲಿನ ಕೊನೆಗಳಲ್ಲಿರುವ ಆಧಾರಕ್ಕೆ ಸೇರಿದ್ದು. ಸಂದು ರೋಲಿನ ನಡುವಿನ ಬಳುಕಿಗೆ ಸೇರಿದ್ದು. ಎರಡಕ್ಕೂ ಒಂದೇ ಮದ್ದು ಹುಡುಕಿದರೆ ದುಡ್ಡು ಹೋಗುತ್ತದೆ, ಡ್ರಮ್ಮು ಹಾಗೇ ಇರುತ್ತದೆ.

ಮೊದಲು ಸಂದಿನ ವಿಷಯ. ನಮ್ಮ ಕಡೆ ತೋಡಿಗೆ ಅಡಿಕೆ ಮರದ ಸಂಕ ಹಾಕುತ್ತಾರಲ್ಲ, ಅದರ ಮೇಲೆ ನಡೆದು ನೋಡಿದ್ದೀರಿ. ದಡದ ಹತ್ತಿರ ಅಲುಗುವುದಿಲ್ಲ. ನಡುವಿಗೆ ಬಂದಾಗ ಕಾಲ ಕೆಳಗೆ ಇಳಿಯುತ್ತದೆ. ರೋಲು ಉಕ್ಕಿನದ್ದೇ ಆದರೂ ಅದೂ ಎರಡು ದಡದ ಮೇಲೆ ಕೂತ ಸಂಕವೇ. ಶೀಟು ಮೇಲಿನ ರೋಲನ್ನು ಮೇಲಕ್ಕೆ ತಳ್ಳುತ್ತದೆ, ಕೆಳಗಿನ ಎರಡನ್ನು ಕೆಳಕ್ಕೆ ತಳ್ಳುತ್ತದೆ. ನಡುವೆ ರೋಲುಗಳು ಒಂದರಿಂದ ಒಂದು ದೂರ ಸರಿಯುತ್ತವೆ. ಅಲ್ಲಿ ಶೀಟು ಕಡಿಮೆ ಬಾಗುತ್ತದೆ, ಕೊನೆಯಲ್ಲಿ ಜಾಸ್ತಿ ಬಾಗುತ್ತದೆ. ನಮಗೆ ಬೇಕಾದದ್ದು ಚೆಂಡೆಯ ಹಾಗೆ ನೇರ ಗೋಡೆ. ಬರುವುದು ಮದ್ದಳೆಯ ಹಾಗೆ ಹೊಟ್ಟೆ ಬಿಟ್ಟ ಡ್ರಮ್ಮು.

ನಿಮ್ಮ ಅಳತೆಗೇ ಲೆಕ್ಕ ಹಾಕಿದೆ. ಸಾಧಾರಣ ಎಂ.ಎಸ್. ಶೀಟು, ಅಂದರೆ ಸಾದಾ ಮೆದು ಉಕ್ಕಿನದ್ದು, 3 ಮಿ.ಮೀ. ದಪ್ಪ, ಪೂರ್ತಿ 1250 ಅಗಲ. ಇದನ್ನು ಬಾಗಿಸಲು ಮೇಲಿನ ರೋಲು ಸುಮಾರು 2 ಟನ್ ಒತ್ತಬೇಕು. ಆ ಹೊರೆಗೆ 100 ಮಿ.ಮೀ. ರೋಲು ನಡುವೆ ಸುಮಾರು ಅರ್ಧ ಮಿ.ಮೀ. ಬಳುಕುತ್ತದೆ. ಕೆಳಗಿನ ಎರಡು ರೋಲು ಹೊರೆಯನ್ನು ಹಂಚಿಕೊಳ್ಳುವುದರಿಂದ ಒಂದೊಂದೂ ಕಾಲು ಮಿ.ಮೀ. ಒಟ್ಟು ಮುಕ್ಕಾಲು ಮಿ.ಮೀ.

ಇಷ್ಟು ಸಣ್ಣ ಬಳುಕಿಗೆ ಬೆರಳು ತೂರುವ ಸಂದು ಹೇಗೆ ಬಂತು ಅನ್ನಿಸಬಹುದು. 2 ಅಡಿ ಡ್ರಮ್ಮಿನ ಬಾಗನ್ನು ನಿಮ್ಮ ಕೆಳಗಿನ ರೋಲುಗಳ 150 ಮಿ.ಮೀ. ಅಂತರದಲ್ಲಿ ಅಳೆದರೆ ಅದರ ಆಳವೇ 9 ಮಿ.ಮೀ. ಚಿಲ್ಲರೆ. ಅದರಲ್ಲಿ ಮುಕ್ಕಾಲು ಮಿ.ಮೀ. ಕಡಿಮೆಯಾದರೆ ಹತ್ತಿರ ಹತ್ತಿರ ಹನ್ನೆರಡರಲ್ಲಿ ಒಂದು ಪಾಲು ಬಾಗು ಹೋಯಿತು. ಕೊನೆಯ ಶೀಟು ನಡುವಿನ ಶೀಟನ್ನು ಹಿಡಿದು ಎಳೆಯುವುದರಿಂದ ಸಂದು ಬೆರಳಿನಷ್ಟಕ್ಕೆ ನಿಂತಿದೆ. ಇಲ್ಲದಿದ್ದರೆ ಇಡೀ ಕೈಯೇ ತೂರುವಷ್ಟು ಸಂದು ಇರುತ್ತಿತ್ತು.

1.6 ಶೀಟಿನಲ್ಲಿ ತೊಂದರೆ ಕಾಣದೆ 3ರಲ್ಲಿ ಕಂಡದ್ದೂ ಇದಕ್ಕೇ. ಬಾಗಿಸುವ ಹೊರೆ ದಪ್ಪದ ವರ್ಗಕ್ಕೆ ತಕ್ಕಂತೆ ಏರುತ್ತದೆ. ದಪ್ಪ ಎರಡು ಪಟ್ಟಾದರೆ ಹೊರೆ ನಾಲ್ಕು ಪಟ್ಟು. 3ರಿಂದ 4ಕ್ಕೆ ಹೋದರೂ ಹೊರೆ 1.8 ಪಟ್ಟಿನ ಹತ್ತಿರ ಬರುತ್ತದೆ. ಗಿರಾಕಿ ಒತ್ತಾಯ ಮಾಡಿದರೂ ಈ ಮೆಷಿನ್‌ನಲ್ಲಿ ಪೂರ್ತಿ ಅಗಲದ 4 ಮಿ.ಮೀ. ಶೀಟು ಹಾಕಬೇಡಿ. ಸ್ಟೇನ್‌ಲೆಸ್ 304 ಆದರೆ 2 ಮಿ.ಮೀ.ಗೇ ನಿಲ್ಲಿಸಿ. ಅದು ಎಂ.ಎಸ್.ಗಿಂತ ಸುಮಾರು ಒಂದೂವರೆ ಪಟ್ಟು ಹೊರೆ ಕೇಳುತ್ತದೆ, ಬಾಗಿದಷ್ಟೂ ಗಟ್ಟಿಯಾಗುತ್ತದೆ.

ಈಗ ಸಪೋರ್ಟ್ ರೋಲರ್ ಸಲಹೆ. ಅದು ತಪ್ಪಲ್ಲ. ಆದರೆ ಅದರಿಂದ ಎಷ್ಟು ಸಿಗುತ್ತದೆ ಅನ್ನುವುದನ್ನು ಮೊದಲೇ ತಿಳಿದುಕೊಳ್ಳಿ. ಬಾಳೆಗೆ ಊರೆಗೋಲು ಕೊಟ್ಟ ಹಾಗೆ ಕೆಳಗಿನ ರೋಲುಗಳಿಗೆ ನಡುವೆ ಊರೆ ಕೊಡಬಹುದು. ಹಾಗೆ ಕೊಟ್ಟರೆ ಅವುಗಳ ಕಾಲು ಮಿ.ಮೀ. ಬಳುಕು ಹೋಗುತ್ತದೆ. ಮೇಲಿನ ರೋಲಿನ ಅರ್ಧ ಮಿ.ಮೀ. ಹಾಗೇ ಉಳಿಯುತ್ತದೆ. ಅಂದರೆ ಮೂರರಲ್ಲಿ ಒಂದು ಪಾಲು ವಾಸಿ, ಎರಡು ಪಾಲು ಬಾಕಿ.

ಮೇಲಿನ ರೋಲಿಗೂ ನಡುವೆ ಆಧಾರ ಕೊಟ್ಟರಾಯಿತು ಅಲ್ವಾ ಅಂತ ಕೇಳುವವರಿದ್ದಾರೆ. ಕೊಡಲಾಗುವುದಿಲ್ಲ. ಡ್ರಮ್ಮು ಪೂರ್ತಿ ಸುತ್ತಿದಾಗ ಆ ರೋಲು ಡ್ರಮ್ಮಿನ ಹೊಟ್ಟೆಯೊಳಗೆ ಇರುತ್ತದೆ. ಆಧಾರ ಇಟ್ಟ ಜಾಗಕ್ಕೇ ಶೀಟು ಬಂದು ಬಡಿಯುತ್ತದೆ. ಸೇಲಂ ಉಕ್ಕು ಕಾರ್ಖಾನೆಯಲ್ಲಿ ಸ್ಟೇನ್‌ಲೆಸ್ ಶೀಟನ್ನು ತೆಳುವಾಗಿಸುವ ಸೆಂಡ್‌ಝಿಮಿರ್ ಮಿಲ್ ಇದೆ. ಆ ಬಗೆಯ ಮಿಲ್‌ನಲ್ಲಿ 20 ರೋಲುಗಳು. ಶೀಟನ್ನು ಮುಟ್ಟುವುದು ಎರಡೇ ಸಣ್ಣ ರೋಲು. ಒಂದೊಂದರ ಬೆನ್ನಿಗೆ ಎರಡು, ಅದರ ಹಿಂದೆ ಮೂರು, ಅದರ ಹಿಂದೆ ನಾಲ್ಕು. ಶೀಟು ಅಲ್ಲಿ ನೇರವಾಗಿ ಹೋಗಿಬಿಡುತ್ತದೆ, ಹಾಗಾಗಿ ರೋಲಿನ ಬೆನ್ನು ಖಾಲಿ ಇರುತ್ತದೆ, ಆಧಾರಕ್ಕೆ ಜಾಗ ಸಿಗುತ್ತದೆ. ನಮ್ಮ ಮೆಷಿನ್‌ನಲ್ಲಿ ಶೀಟು ಮೇಲಿನ ರೋಲಿನ ಬೆನ್ನು ಬಳಸಿ ಬರುತ್ತದೆ. ಮೇಲಿನ ರೋಲಿಗೆ ಆಧಾರ ಅಂದರೆ ಅದರ ಎರಡು ಕೊರಳು, ಮತ್ತೆ ಅದರದ್ದೇ ದಪ್ಪ. ಅಷ್ಟೇ.

ಆ ದಪ್ಪದ ಬೆಲೆ ದೊಡ್ಡದು. ವ್ಯಾಸ 100ರಿಂದ 110 ಆದರೆ ಬಳುಕದೆ ನಿಲ್ಲುವ ಬಿಗಿ ಸುಮಾರು ಒಂದೂವರೆ ಪಟ್ಟಾಗುತ್ತದೆ. 125 ಆದರೆ ಸುಮಾರು ಎರಡೂವರೆ ಪಟ್ಟು. ಇದನ್ನು ತಿರುಗಿಸಿಯೂ ನೋಡಿ. ಗೀರು ಬಿತ್ತು ಅಂತ ಲೇತಿಗೆ ಹಾಕಿ ಸುಮ್ನೆ ಒಂದೊಂದು ಮಿ.ಮೀ. ಕೆರೆಸುತ್ತ ರೋಲನ್ನು 96ಕ್ಕೆ ತಂದರೆ ಬಳುಕು ನೂರಕ್ಕೆ ಹದಿನೆಂಟರಷ್ಟು ಜಾಸ್ತಿಯಾಗುತ್ತದೆ. ಹೊಳಪಿಗಾಗಿ ರೋಲು ಕೆರೆಸುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಇನ್ನೊಂದು ತಪ್ಪು ನಂಬಿಕೆ, ಒಳ್ಳೆಯ ಅಲಾಯ್ ಉಕ್ಕಿನ ರೋಲು ಹಾಕಿದರೆ ಬಳುಕುವುದಿಲ್ಲ ಅನ್ನುವುದು. ಅಂಥ ಉಕ್ಕು ಬೇಗ ಮುರಿಯುವುದಿಲ್ಲ, ಬೇಗ ಸವೆಯುವುದಿಲ್ಲ, ನಿಜ. ಆದರೆ ಬಳುಕುವ ವಿಷಯದಲ್ಲಿ ಸಾದಾ ಉಕ್ಕೂ ದುಬಾರಿ ಉಕ್ಕೂ ಹೆಚ್ಚುಕಡಿಮೆ ಒಂದೇ.

ಹಾಗಾದರೆ ನಾಳೆಯ ಡ್ರಮ್ಮಿಗೆ ಏನು ಮಾಡುವುದು? ಮದುವೆ ಕಾಗದ ಹುಡುಕಿ. ಮನೆಯಲ್ಲಿ ರಾಶಿ ಬಿದ್ದಿರುತ್ತದೆ. ಆ ರಟ್ಟನ್ನು ಪಟ್ಟಿ ಕತ್ತರಿಸಿ, ಶೀಟಿನ ನಡುಭಾಗದಲ್ಲಿ, ಮೇಲಿನ ರೋಲು ಮುಟ್ಟುವ ಬದಿಗೆ, ಟೇಪಿನಲ್ಲಿ ಅಂಟಿಸಿ. ಶೀಟು ಹೋಗುವ ದಿಕ್ಕಿನಲ್ಲಿ ಪೂರ್ತಿ ಉದ್ದಕ್ಕೂ ಇರಬೇಕು. ಮೊದಲ ಪದರ 600 ಮಿ.ಮೀ. ಅಗಲ, ಅದರ ಮೇಲೆ ಇನ್ನೊಂದು 300 ಅಗಲ. ಎರಡೂ ಸೇರಿ ಅರ್ಧದಿಂದ ಮುಕ್ಕಾಲು ಮಿ.ಮೀ. ಬಂದರೆ ಸಾಕು. ರೋಲು ನಡುವೆ ಬಿಟ್ಟುಕೊಟ್ಟ ಜಾಗವನ್ನು ರಟ್ಟು ತುಂಬುತ್ತದೆ. ನೋಡಲು ತೇಪೆ ಕೆಲಸದ ಹಾಗೆ ಕಾಣಬಹುದು. ದೊಡ್ಡ ದೊಡ್ಡ ಪ್ಲೇಟ್ ಬೆಂಡಿಂಗ್ ಶಾಪ್‌ಗಳಲ್ಲೂ ಇದನ್ನೇ ಮಾಡುತ್ತಾರೆ. ರಟ್ಟು ಜಾಸ್ತಿಯಾದರೆ ನಡು ಸಣ್ಣದಾಗಿ ಬುಡುಬುಡಿಕೆ ಆಕಾರ ಬರುತ್ತದೆ. ಆಗ ಒಂದು ಪದರ ಕಿತ್ತುಬಿಡಿ.

ಕಾಯಂ ಪರಿಹಾರ ಬೇಕಿದ್ದರೆ ಮೇಲಿನ ರೋಲಿಗೆ ಉಬ್ಬು ಕೊಡಿಸಬೇಕು. ಟರ್ನರ್‌ಗಳು ಕ್ರೌನ್ ಅನ್ನುತ್ತಾರೆ. ನಡುವೆ ವ್ಯಾಸ 100, ಎರಡು ಕೊನೆಯಲ್ಲಿ 99.5. ನಡುವಿನ 200 ಮಿ.ಮೀ. ನೇರ ಇರಲಿ, ಅಲ್ಲಿಂದ ಎರಡೂ ಕಡೆಗೆ ನಿಧಾನ ಇಳಿಜಾರು. ಇಳಿಜಾರು ಶುರುವಾಗುವಲ್ಲಿ ಏಣು ಉಳಿಯದ ಹಾಗೆ ಪಾಲಿಶ್ ಪಟ್ಟಿ ಹಿಡಿಯಬೇಕು. ಅರ್ಧ ಮಿ.ಮೀ. ಯಾಕೆ, 3 ಮಿ.ಮೀ. ಶೀಟಿಗೆ ಪೂರ್ತಿ ಹೊಂದುವಷ್ಟು ಕೊಟ್ಟರಾಗದೇ ಅಂದರೆ, ಕೊಟ್ಟ ಉಬ್ಬನ್ನು ವಾಪಸು ತೆಗೆಯಲಾಗುವುದಿಲ್ಲ. ಆಮೇಲೆ 1.6 ಶೀಟು ಹಾಕಿದರೆ ಬುಡುಬುಡಿಕೆ ಗ್ಯಾರಂಟಿ. ಕೆಳಗೆ ಊರೆ ಕೊಟ್ಟು, ಮೇಲೆ ಇಷ್ಟು ಉಬ್ಬು ಕೊಟ್ಟರೆ 2 ಮಿ.ಮೀ. ಶೀಟು ಹೆಚ್ಚುಕಡಿಮೆ ನೇರ ಬರುತ್ತದೆ. 3ಕ್ಕೆ ಒಂದು ಪದರ ರಟ್ಟು ಹಿಡಿಯುತ್ತದೆ.

ಇನ್ನು ಸದ್ದು. ಇಲ್ಲಿ ಸ್ವಲ್ಪ ತಾಳ್ಮೆ ಬೇಕು, ಯಾಕೆಂದರೆ ಬುಶ್ ಸವೆದದ್ದು ಸುಮ್ನೆ ನೋಡಿದರೆ ಗೊತ್ತಾಗುವುದಿಲ್ಲ. ಮೆಷಿನ್ ನಿಂತಿರುವಾಗ ಮೇಲಿನ ರೋಲು ತನ್ನ ಭಾರಕ್ಕೆ ಬುಶ್‌ನ ಕೆಳಭಾಗದಲ್ಲಿ ಕೂತಿರುತ್ತದೆ. ಕೆಲಸ ಮಾಡುವಾಗ ಶೀಟು ಅದನ್ನು ಎತ್ತಿ ಮೇಲ್ಭಾಗಕ್ಕೆ ಒತ್ತುತ್ತದೆ. ಸವೆತ ಮೇಲ್ಭಾಗದಲ್ಲಿ, ರೋಲು ಕೂತಿರುವುದು ಕೆಳಭಾಗದಲ್ಲಿ. ಶೀಟು ಒಳಗೆ ಹೋದಾಗ ರೋಲು ಏರುತ್ತದೆ, ಹೊರಗೆ ಬಂದಾಗ ಬೀಳುತ್ತದೆ. ಕಟ್. ಕಟ್.

ಕೊರಳಿನ ಮೇಲೆ ಡಯಲ್ ಗೇಜ್ (ಸೂಕ್ಷ್ಮ ಅಲುಗಾಟವನ್ನು ಮುಳ್ಳಿನಲ್ಲಿ ತೋರಿಸುವ ಮಾಪಕ) ನಿಲ್ಲಿಸಿ, ಕೆಳಗಿಂದ ಸಣ್ಣ ಜಾಕ್ ಕೊಟ್ಟು ರೋಲನ್ನು ಎತ್ತಿ. ಮುಳ್ಳು ಎಷ್ಟು ಓಡಿತೋ ಅಷ್ಟು ಸಡಿಲ. 60 ಮಿ.ಮೀ. ಕೊರಳಿಗೆ ಹೊಸ ಬುಶ್‌ನಲ್ಲಿ 0.06ರಿಂದ 0.1 ಇರುತ್ತದೆ. 0.3 ದಾಟಿದ್ದರೆ ಬುಶ್ ಬದಲಿಸುವುದು ನನ್ನ ಪದ್ಧತಿ. ಎರಡೂ ಬದಿ ಅಳೆಯಿರಿ. ಬಲಬದಿ ಮಾತ್ರ ಸವೆದಿದ್ದರೆ ಡ್ರಮ್ಮು ಒಂದು ಕಡೆ ದೊಡ್ಡದು, ಒಂದು ಕಡೆ ಸಣ್ಣದು ಬರುತ್ತಿರಬೇಕು. ಗಮನಿಸಿ ನೋಡಿ. ಸಣ್ಣ ತುಂಡುಗಳನ್ನೆಲ್ಲ ಯಾವಾಗಲೂ ಬಲ ತುದಿಯಲ್ಲೇ ಹಾಕುವ ಅಭ್ಯಾಸ ಇದ್ದರೆ ಅದನ್ನು ಬಿಡಿ. ನಡುವೆ ಹಾಕಿದರೆ ಹೊರೆಯನ್ನು ಎರಡು ಬುಶ್ ಹಂಚಿಕೊಳ್ಳುತ್ತವೆ.

ಸದ್ದು ಶೀಟು ಹೊಕ್ಕಾಗ, ಹೊರಬಿದ್ದಾಗ ಮಾತ್ರ ಬಂದರೆ ಅದು ಸಡಿಲವೇ. ರೋಲು ಒಂದು ಸುತ್ತು ಸುತ್ತಿದಾಗಲೆಲ್ಲ ಒಂದು ಸಲ ಬಂದರೆ ಕೊರಳು ವಕ್ರವಾಗಿರಬಹುದು, ಗೇರಿನ ಹಲ್ಲು ಅಥವಾ ಗೇರನ್ನು ಹಿಡಿದಿಡುವ ಕೀ ಹೋಗಿರಬಹುದು. ಡ್ರಮ್ಮು ಹೊರತೆಗೆಯಲು ಬಿಚ್ಚುವ ಬದಿ ಬಲಗಡೆಯೇ ಆಗಿದ್ದರೆ ಅಲ್ಲಿನ ಲಾಕ್ ಪಿನ್ನನ್ನೂ ನೋಡಿ. ದಿನಕ್ಕೆ ಹತ್ತು ಸಲ ಎಳೆದು ಹಾಕುವ ಪಿನ್ ಅದು. ಪಿನ್‌ನ ತೂತು ಮೊಟ್ಟೆಯಾಕಾರ ಆಗಿದ್ದರೆ ಬುಶ್ ಎಷ್ಟೇ ಹೊಸದಾದರೂ ಸದ್ದು ಹೋಗುವುದಿಲ್ಲ.

ಬುಶ್ ಬಿಚ್ಚಿದಾಗ ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ. ಮೇಲ್ಭಾಗದಲ್ಲಿ ಅರ್ಧಚಂದ್ರದ ಹಾಗೆ ಹೊಳೆಯುವ ಪಟ್ಟಿ ಕಾಣುತ್ತದೆ. ಆ ಪಟ್ಟಿಯ ನಟ್ಟನಡುವೆ ಗ್ರೀಸ್ ತೂತು ಇರುತ್ತದೆ! ನಾನು ಬಿಚ್ಚಿದ ಹಳೆಯ ಮೆಷಿನ್‌ಗಳಲ್ಲಿ ಇದನ್ನು ಎಷ್ಟು ಸಲ ಕಂಡಿದ್ದೇನೋ ಲೆಕ್ಕವಿಲ್ಲ. ಗ್ರೀಸ್ ತುಂಬುವ ನಿಪ್ಪಲ್ ಮೇಲಿದ್ದರೆ ಗ್ರೀಸ್ ಗನ್ ಹಿಡಿಯಲು ಸುಲಭ ಅಂತ ಅಲ್ಲಿ ಕೊಟ್ಟಿರುತ್ತಾರೆ. ಆದರೆ ಮೇಲಿನ ರೋಲಿಗೆ ಒತ್ತಡ ಬೀಳುವುದೇ ಅಲ್ಲಿ. ಒತ್ತಿ ಹಿಡಿದ ಜಾಗಕ್ಕೆ ಗ್ರೀಸ್ ಹೊಗುವುದಿಲ್ಲ, ತೂತಿನ ಅಂಚು ಇದ್ದ ಗ್ರೀಸನ್ನೂ ಒರೆಸಿ ಹಾಕುತ್ತದೆ. ಹೊಸ ಬುಶ್ ಮಾಡಿಸುವಾಗ ತೂತೂ ಗ್ರೀಸ್ ಹರಿಯುವ ಕಾಲುವೆಯೂ ಪಕ್ಕಕ್ಕೆ ಅಥವಾ ಕೆಳಕ್ಕೆ ಬರಲಿ. ಕೆಳಗಿನ ರೋಲುಗಳಿಗೆ ಲೆಕ್ಕ ಉಲ್ಟಾ, ಅಲ್ಲಿ ಮೇಲಿದ್ದರೆ ಸರಿ. ರೋಲು ನಿಮಿಷಕ್ಕೆ ಹತ್ತಿಪ್ಪತ್ತು ಸುತ್ತು ಮಾತ್ರ ತಿರುಗುವುದರಿಂದ ಎಣ್ಣೆಯ ಪದರ ತಾನಾಗಿ ಕಟ್ಟುವುದಿಲ್ಲ. ದಿನಾ ಬೆಳಿಗ್ಗೆ ಎರಡು ಸಲ ಗನ್ ಒತ್ತುವುದೇ ದಾರಿ. ಲಿಥಿಯಂ ಇಪಿ-2 ಗ್ರೀಸ್ ಸಾಕು.

ಬುಶ್‌ನ ಲೋಹ ಗನ್ ಮೆಟಲ್ ಅಥವಾ ಫಾಸ್ಫರ್ ಬ್ರಾಂಜ್ ಇರಲಿ, ಎರಡೂ ಕಂಚಿನ ಬಗೆಗಳೇ. ಹಳದಿ ಹಿತ್ತಾಳೆ ಕೊಟ್ಟು ಇದೇ ಗನ್ ಮೆಟಲ್ ಅಂದರೆ ಒಪ್ಪಬೇಡಿ. ಬುಶ್ ಹಿಡಿದಿಡುವ ಬ್ಲಾಕ್‌ಗೆ ಬಡಿದು ಕೂರಿಸಿದ ಮೇಲೆ ಬುಶ್‌ನ ಒಳವ್ಯಾಸ ಸ್ವಲ್ಪ ಕುಗ್ಗುತ್ತದೆ. ಹಾಗಾಗಿ ಕೊನೆಯ ಬೋರಿಂಗ್ ಕೂರಿಸಿದ ಮೇಲೆಯೇ ಆಗಬೇಕು.

ಬಾಲ್ ಬೇರಿಂಗ್ ಯಾಕೆ ಬೇಡ? 60ರ ಕೊರಳಿಗೆ ಬರುವ 6212 ನಂಬರಿನ ಬೇರಿಂಗ್‌ನ ಹೊರವ್ಯಾಸ 110 ಮಿ.ಮೀ. ನಿಮ್ಮ ರೋಲೇ 100. ರೋಲುಗಳು ಹತ್ತಿರ ಬಂದಾಗ ಬೇರಿಂಗ್‌ಗಳೇ ಒಂದಕ್ಕೊಂದು ತಾಗುತ್ತವೆ, ಬ್ಲಾಕ್‌ಗೆ ಗೋಡೆ ಎಲ್ಲಿ ಉಳಿಯಿತು? ಜಾಗ ಮಾಡಲು ಕೊರಳನ್ನು 45ಕ್ಕೆ ಕೆರೆಸಿದರೆ ಅದಕ್ಕಿಂತ ದೊಡ್ಡ ಅಪಾಯ. ಅದೂ ಅಲ್ಲದೆ ಬಾಲ್ ಮುಟ್ಟುವುದು ಒಂದು ಚುಕ್ಕೆಯಲ್ಲಿ. ನಿಧಾನ ತಿರುಗುತ್ತ, ನಿಲ್ಲುತ್ತ, ಭಾರೀ ಹೊರೆ ಹೊತ್ತರೆ ಟ್ರ್ಯಾಕ್‌ನಲ್ಲಿ ಕುಳಿ ಬೀಳಬಹುದು. ಕೋನ್ ಆಕಾರ ಮಾಡಲು ಒಂದು ಬದಿಯ ಸ್ಕ್ರೂ ಜಾಸ್ತಿ ಇಳಿಸಿದಾಗ ರೋಲು ಓರೆಯಾಗುತ್ತದೆ, ಅದನ್ನೂ ಈ ಬೇರಿಂಗ್ ತಾಳುವುದಿಲ್ಲ. ದೊಡ್ಡ ಮೆಷಿನ್‌ಗಳಲ್ಲಿ ಸ್ಫೆರಿಕಲ್ ರೋಲರ್ ಬೇರಿಂಗ್ ಬರುತ್ತದೆ, ಅವುಗಳ ರೋಲು ದಪ್ಪ, ಜಾಗ ಇದೆ. ನಿಮ್ಮದಕ್ಕೆ ಬುಶ್ಶೇ ಸರಿ. ಬಿಗಿಯಾದ ಉದ್ದ ಬುಶ್ ಕೊರಳು ಓರೆಯಾಗದ ಹಾಗೆ ಸ್ವಲ್ಪ ಹಿಡಿದಿಡುತ್ತದೆ, ಬಳುಕು ಅಷ್ಟು ಕಡಿಮೆಯಾಗುತ್ತದೆ. ಅದೂ ಒಂದು ಲಾಭ.

ಕೊರಳಿನ ಮಾತು ಬಂದಾಗ ಒಂದು ವಿಷಯ ಹೇಳಲೇಬೇಕು. ಉಪ್ಪಳದ ಕಡೆ ಒಂದು ಶೆಡ್‌ನಲ್ಲಿ ಮುರಿದ ರೋಲು ನೋಡಲು ಹೋಗಿದ್ದೆ. ಕೊರಳು ರೋಲಿನ ಮೈಗೆ ಸೇರುವ ಮೂಲೆಯಲ್ಲೇ ಕತ್ತರಿಸಿದ ಹಾಗೆ ತುಂಡಾಗಿತ್ತು. ಮುರಿದ ಮುಖವನ್ನು ಡೀಸೆಲ್‌ನಲ್ಲಿ ತೊಳೆದು ನೋಡಿದರೆ ಅಂಚಿನಿಂದ ಒಳಕ್ಕೆ ಸಾಲು ಸಾಲು ಗೆರೆ, ತೆರೆ ಹಿಂದೆ ಸರಿದಾಗ ಮರಳಿನಲ್ಲಿ ಉಳಿಯುವ ಗೆರೆಗಳ ಹಾಗೆ. ಕೊನೆಗೆ ಒಂದು ಕಡೆ ಹೆಬ್ಬೆರಳಗಲ ಮಾತ್ರ ಒರಟು ಹರಳು. ಅಂದರೆ ಬಿರುಕು ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ನಡೆದಿದೆ, ಕೊನೆಯ ಹೆಬ್ಬೆರಳಷ್ಟು ಉಕ್ಕು ಒಂಟಿಯಾಗಿ ಹೊರೆ ಹೊತ್ತಿದೆ. ಕಾರಣ ಆ ಮೂಲೆ. ಟರ್ನರ್ ಅದನ್ನು ಚೂಪಾಗಿ ಕಡಿದಿದ್ದ. ಅಲ್ಲಿ 4–5 ಮಿ.ಮೀ. ದುಂಡು ಕೊಟ್ಟಿದ್ದರೆ ಬಿರುಕು ಅಷ್ಟು ಸುಲಭವಾಗಿ ಹುಟ್ಟುತ್ತಿರಲಿಲ್ಲ. ನಿಮ್ಮ ರೋಲು ಲೇತಿಗೆ ಹೋದಾಗ ಈ ಮೂಲೆಯನ್ನು ನೀವೇ ಬೆರಳಲ್ಲಿ ಸವರಿ ನೋಡಿ. ಬಿರುಕು ಕಂಡರೆ ಸಾದಾ ವೆಲ್ಡಿಂಗ್ ರಾಡ್ ಹಿಡಿಯಬೇಡಿ. ರೋಲಿಗೆ ಬಳಸುವ ಇಎನ್-8, ಇಎನ್-9 ಬಗೆಯ ಉಕ್ಕು ವೆಲ್ಡ್ ಪಕ್ಕದಲ್ಲೇ ಗಡುಸಾಗಿ ಮತ್ತೆ ಬಿರಿಯುತ್ತದೆ.

ಈಗ ಕೆಳಗಿನ ಊರೆ ಮಾಡುವ ಬಗೆ. ಒಂದೊಂದು ರೋಲಿನ ಕೆಳಗೆ, ನಟ್ಟನಡುವೆ, ಎರಡೆರಡು ಸಣ್ಣ ರೋಲರ್ ಇರಬೇಕು, ತೊಟ್ಟಿಲಲ್ಲಿ ಕೂತ ಹಾಗೆ. ನೇರ ಕೆಳಗೆ ಒಂದೇ ಇಟ್ಟರೆ ಸಾಲದು. ಶೀಟು ಈ ರೋಲುಗಳನ್ನು ಕೆಳಕ್ಕೆ ಮಾತ್ರವಲ್ಲ, ಹೊರಕ್ಕೂ ತಳ್ಳುತ್ತದೆ. ಸಪೋರ್ಟ್ ರೋಲರ್ ಅಗಲ 80 ಮಿ.ಮೀ. ಇರಲಿ, ಅಂಚು ದುಂಡಗಿರಲಿ, ಇಲ್ಲದಿದ್ದರೆ ರೋಲಿನ ಮೇಲೆ ಬಳೆಯ ಹಾಗೆ ಗೆರೆ ಬೀಳುತ್ತದೆ.

ಎಲ್ಲರೂ ತಪ್ಪುವುದು ಅದರ ಕೆಳಗಿನ ತೊಲೆಯಲ್ಲಿ. 20 ಮಿ.ಮೀ. ಪ್ಲೇಟ್ ಎರಡನ್ನು 150 ಮಿ.ಮೀ. ಎತ್ತರಕ್ಕೆ ನಿಲ್ಲಿಸಿ ತೊಲೆ ಮಾಡಿದರೆ ಗಟ್ಟಿ ಅನ್ನಿಸುತ್ತದೆ. ಆದರೆ ಊರೆಯ ಮೇಲೆ ಬೀಳುವ ಒಂದು ಟನ್ ಚಿಲ್ಲರೆ ಹೊರೆಗೆ ಅದೇ ಕಾಲು ಮಿ.ಮೀ. ತಗ್ಗುತ್ತದೆ. ರೋಲಿನಷ್ಟೇ ಬಳುಕುವ ಊರೆ ಕೊಟ್ಟು ಏನು ಬಂತು? ಅದೇ ಪ್ಲೇಟಿನ ಎತ್ತರ 250 ಮಾಡಿ. ತಗ್ಗು ಐದರಲ್ಲೊಂದು ಪಾಲಿನ ಹತ್ತಿರಕ್ಕೆ ಇಳಿಯುತ್ತದೆ. ಎತ್ತರಕ್ಕೆ ಜಾಗ ಇಲ್ಲದಿದ್ದರೆ ತೊಲೆಯ ನಡುವನ್ನು ಕೆಳಗಿನ ಕಾಂಕ್ರೀಟಿಗೇ ಊರಿಸಿ, ಸಂದಿಗೆ ಸಿಮೆಂಟ್ ಗಾರೆ ತುಂಬಿ ಗ್ರೌಟ್ ಮಾಡಿ.

ಊರೆ ಹೊಂದಿಸಲು ವೃತ್ತಪತ್ರಿಕೆಯ ಪಟ್ಟಿ ಸಾಕು. ಮೆಷಿನ್ ಖಾಲಿ ಇರುವಾಗ ರೋಲಿಗೂ ಸಪೋರ್ಟ್ ರೋಲರ್‌ಗೂ ನಡುವೆ ಪಟ್ಟಿ ಇಟ್ಟು ಸ್ಕ್ರೂ ಏರಿಸಿ. ಎಳೆದರೆ ಸ್ವಲ್ಪ ಹಿಡಿದು ಬರಬೇಕು, ಹರಿಯಬಾರದು. ಅದಕ್ಕಿಂತ ಬಿಗಿ ಮಾಡಿದರೆ ಕೆಳಗಿನ ರೋಲು ಮೇಲಕ್ಕೆ ಬಾಗಿ ತೆಳು ಶೀಟಿನ ನಡು ಹಿಂಡುತ್ತದೆ. ಹಾಟ್ ರೋಲ್ಡ್ ಶೀಟಿನಿಂದ ಉದುರುವ ಕಪ್ಪು ಹೊಪ್ಪಳಿಕೆ ಈ ಸಂದಿಗೆ ಬಿದ್ದರೆ ಎರಡೂ ರೋಲಿನ ಮೈಯಲ್ಲಿ ಕುಳಿ ಮಾಡುತ್ತದೆ. ಫೆಲ್ಟ್ ಪಟ್ಟಿಯೊಂದು ರೋಲಿಗೆ ತಾಗಿಕೊಂಡಿರಲಿ, ದಿನಾ ಬ್ರಷ್ ಹಿಡಿಯಿರಿ.

ಮಳೆಗಾಲದಲ್ಲಿ ನಮ್ಮ ಶೆಡ್‌ಗಳಿಗೆ ಎರಚಲು ತಪ್ಪಿದ್ದಲ್ಲ. ಬುಶ್‌ನಿಂದ ಹೊರಬರುವ ಗ್ರೀಸ್ ಮಜ್ಜಿಗೆ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಹೋಗಿದೆ ಅಂತ ಅರ್ಥ. ಕೆಟ್ಟ ಗ್ರೀಸ್ ಪೂರ್ತಿ ಹೊರಬಂದು, ಹೊಸದು ಕಾಣುವ ತನಕ ಗನ್ ಒತ್ತಿ. ರೋಲಿನ ಪಕ್ಕ ನಿಲ್ಲುವ ಹುಡುಗರಿಗೆ ಗ್ಲೌಸ್ ಬೇಡ, ಮಡಚಿ ಕಟ್ಟಿದ ಲುಂಗಿಯೂ ಬೇಡ. ಬಟ್ಟೆಯ ತುದಿ ಸಿಕ್ಕರೆ ರೋಲು ಕೈಯನ್ನೂ ಎಳೆದುಕೊಳ್ಳುತ್ತದೆ. ಕಾಲಿಗೆ ಸಿಗುವ ಹಾಗೆ ಸ್ಟಾಪ್ ಸ್ವಿಚ್ ಹಾಕಿಸಿ. ಇದಕ್ಕೆ ಮುಂದಿನ ತಿಂಗಳು ಅನ್ನಬೇಡಿ.

ಮಾಡುವ ಕ್ರಮ ಹೀಗಿರಲಿ. ಮೊದಲು ಬಲಬದಿಯ ಪಿನ್ ಮತ್ತು ಬುಶ್. ಅಲ್ಲಿಯ ತನಕ ರಟ್ಟಿನಲ್ಲಿ ಡ್ರಮ್ಮು ಸಾಗಲಿ. ಆಮೇಲೆ ಕೆಳಗಿನ ಊರೆ. ಉಬ್ಬು ಕೊಡಿಸುವುದು ಕೊನೆಗೆ, ಅದೂ ಅಳೆದ ಮೇಲೆ. ಅಳೆಯಲು, ಮೇಲಿನ ರೋಲಿನ ಎರಡು ಕೊನೆಯ ಮೇಲೆ ವಿ-ಬ್ಲಾಕ್ (ವಿ ಆಕಾರದ ಕಚ್ಚು ಇರುವ ಲೋಹದ ತುಂಡು) ಕೂರಿಸಿ, ಅವುಗಳ ಮೇಲೆ ಗಟ್ಟಿ ಚೌಕ ಪೈಪ್ ಇಟ್ಟು, ಪೈಪಿನ ನಡುವಿನಿಂದ ಡಯಲ್ ಗೇಜನ್ನು ರೋಲಿಗೆ ಮುಟ್ಟಿಸಿ. ಮೋಟಾರ್ ಬಂದ್ ಇರಲಿ. 3 ಮಿ.ಮೀ. ಶೀಟು ಇಟ್ಟು ಸ್ಕ್ರೂ ಬಿಗಿ ಮಾಡಿ ಮುಳ್ಳು ನೋಡಿ. ನನ್ನ ಲೆಕ್ಕದ ಪ್ರಕಾರ ಅರ್ಧ ಮಿ.ಮೀ. ಆಸುಪಾಸು ಬರಬೇಕು. ಆ ಅಂಕಿ, ಮತ್ತೆ ಎಡ ಬಲ ಬುಶ್‌ಗಳ ಸಡಿಲ, ಈ ಮೂರನ್ನು ಬರೆದು ಕಳಿಸಿ. ಉಬ್ಬು ಎಷ್ಟು ಬೇಕು ಅಂತ ನಿಮ್ಮ ರೋಲಿಗೇ ಲೆಕ್ಕ ಹಾಕಿ ಕೊಡುತ್ತೇನೆ.